ದೋಣಿಯ ತಳದೊಳಗಿನ ಫಿಶ್ ಫೈಂಡರ್ ಸೆನ್ಸರ್: ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಹೇಗೆ?

ತುಂಗಭದ್ರಾ ನದಿಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರು, ಬೆಳಗಿನ ಹೊತ್ತು. ಮುಂಡರಗಿ ಕಡೆಯ ಮೀನುಗಾರ ಕಾಕಾ ಒಬ್ಬರು ತಮ್ಮ ಫೈಬರ್ ದೋಣಿಯಲ್ಲಿ ಕುಳಿತು ಫಿಶ್ ಫೈಂಡರಿನ, ಅಂದರೆ ನೀರಿನ ಆಳ ಮತ್ತು ಮೀನು ತೋರಿಸುವ ಯಂತ್ರದ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ತಮ್ಮಾ, ಇಲ್ಲಿ ನೋಡು. ಗಳ ಹಾಕಿದ್ರ ಎರಡಾಳು ನೀರು ಐತಿ. ಇದು ಏನೂ ತೋರಸವಲ್ದು. ಹೊಸಾದು ತರಬೇಕೇನು?"

ಪರದೆಯ ಮೇಲ್ಭಾಗದಲ್ಲಿ ದಪ್ಪನೆಯ ಒಂದು ಪಟ್ಟಿ ಇತ್ತು. ಅದರ ಕೆಳಗೆ ಪೂರ್ತಿ ಖಾಲಿ. ಆಳದ ಅಂಕಿ ಇರಬೇಕಾದ ಜಾಗದಲ್ಲಿ ಎರಡು ಅಡ್ಡಗೆರೆ ಮಿನುಗುತ್ತಿದ್ದವು. ಆಮೇಲೆ ದಡಕ್ಕೆ ತಂದು ಸೆನ್ಸರ್ ಬಿಡಿಸಿದಾಗ ಕಾರಣ ಕಣ್ಣಿಗೇ ಕಂಡಿತು. ಅಡಿಯ ಅಂಟಿನಲ್ಲಿ ಜೋಳದ ಕಾಳಿನಷ್ಟು ದಪ್ಪದ ಗಾಳಿಗುಳ್ಳೆಗಳು ತುಂಬಿದ್ದವು. ಯಂತ್ರ ಚೆನ್ನಾಗಿತ್ತು, ಸೆನ್ಸರೂ ಚೆನ್ನಾಗಿತ್ತು. ಕೆಟ್ಟಿದ್ದು ಅವೆರಡರ ನಡುವೆ ಅಲ್ಲ, ಸೆನ್ಸರ್ ಮತ್ತು ದೋಣಿಯ ನಡುವೆ.

ತಳಕ್ಕೆ ತೂತು ಹಾಕದೆ, ಒಳಗಿನಿಂದಲೇ ಅಂಟಿಸಿದ ಸೆನ್ಸರ್‌ಗಳಲ್ಲಿ ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಇಂಥವೇ. ಅದಕ್ಕೇ ಹೊಸದು ಕೊಳ್ಳುವ ಮೊದಲು, ಅಂಟಿಸಿದ್ದನ್ನು ಕೀಳುವ ಮೊದಲು, ಖರ್ಚಿಲ್ಲದ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿ ನೋಡಿ. ಯಾವ ಲಕ್ಷಣ ಕಾಣುತ್ತಿದೆಯೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮುಂದಿನ ನಾಲ್ಕು ಸಾಲು ಎಲ್ಲರೂ ಓದಿ.

ಸೆನ್ಸರ್, ಅಂದರೆ ಟ್ರಾನ್ಸ್‌ಡ್ಯೂಸರ್, ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಯ ಶಬ್ದವನ್ನು ನೀರಿಗೆ ಕಳಿಸುತ್ತದೆ. ಸಾಮಾನ್ಯವಾಗಿ 83 ಅಥವಾ 200 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಕಂಪನ. ಶಬ್ದ ತಳಕ್ಕೆ, ಮೀನಿಗೆ ಬಡಿದು ವಾಪಸ್ ಬರುತ್ತದೆ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 3 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಸಾವಿರ ಭಾಗದಲ್ಲಿ 4 ಭಾಗ ಸಾಕು. ಈ ಶಬ್ದ ಗಟ್ಟಿ ಫೈಬರ್ ಮತ್ತು ಎಪಾಕ್ಸಿ ಅಂಟಿನ ಮೂಲಕ ದಾಟುತ್ತದೆ, ಸ್ವಲ್ಪ ಬಲ ಕಳೆದುಕೊಂಡರೂ ದಾಟುತ್ತದೆ. ಗಾಳಿಯ ಪದರ ಅಡ್ಡ ಬಂದರೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ತಿರುಗಿಬಿಡುತ್ತದೆ. ಕಾಗದದಷ್ಟು ತೆಳ್ಳಗಿನ ಗಾಳಿಯಾದರೂ ಅಷ್ಟೇ.

ಮೊದಲ ಪ್ರಶ್ನೆ: ನಿಮ್ಮ ದೋಣಿಗೆ ಈ ಪದ್ಧತಿ ಆಗುತ್ತದೆಯೇ?

ಒಳಗಿನಿಂದ ಅಂಟಿಸುವುದು ಗಟ್ಟಿ ಫೈಬರ್ ತಳಕ್ಕೆ ಮಾತ್ರ ಸರಿ. ತುಂಗಭದ್ರೆಯಲ್ಲಿ ಈಗಲೂ ಓಡಾಡುವ ಹರಿಗೋಲಿಗೆ ಆಗುವುದಿಲ್ಲ. ಬಿದಿರಿನ ಹೆಣಿಗೆಯ ಸಂದಿಯಲ್ಲೆಲ್ಲ ಗಾಳಿ ಇರುತ್ತದೆ. ಮರದ ದೋಣಿಗೂ ಆಗುವುದಿಲ್ಲ. ತಗಡು, ಅಲ್ಯೂಮಿನಿಯಂ ದೋಣಿಗೂ ಇದನ್ನು ನೆಚ್ಚಬೇಡಿ. ಇಂಥ ದೋಣಿಗಳಿಗೆ ಸೆನ್ಸರನ್ನು ಹಿಂಬದಿಯಲ್ಲಿ ಪಟ್ಟಿ ಕಟ್ಟಿ, ಇಲ್ಲವೇ ಪಕ್ಕದಲ್ಲಿ ಒಂದು ಕೋಲಿಗೆ ಕಟ್ಟಿ ನೀರಿಗೆ ಇಳಿಬಿಡುವುದೇ ದಾರಿ. ಅದರಲ್ಲಿ ಕಡಿಮೆ ಅನ್ನಿಸಿಕೊಳ್ಳುವಂಥದ್ದು ಏನೂ ಇಲ್ಲ. ನಿಜ ಹೇಳಬೇಕೆಂದರೆ ಚಿತ್ರ ಅದರಲ್ಲೇ ಜಾಸ್ತಿ ಚೆನ್ನಾಗಿ ಬರುತ್ತದೆ.

ಫೈಬರ್ ದೋಣಿಯಾದರೂ ಕೆಲವಕ್ಕೆ ಎರಡು ಪದರದ ತಳ ಇರುತ್ತದೆ. ನಡುವೆ ಥರ್ಮೋಕೋಲ್, ಫೋಮ್ ಅಥವಾ ಪ್ಲೈವುಡ್ ತುಂಬಿರುತ್ತಾರೆ. ಕೆರೆಗಳಲ್ಲಿ ಪ್ರವಾಸಿಗರಿಗೆ ಇಟ್ಟಿರುವ ಪೆಡಲ್ ದೋಣಿಗಳಲ್ಲಿ ಇದು ಸಾಮಾನ್ಯ. ಒಂದು ದಪ್ಪ ನಾಣ್ಯದಿಂದ ತಳವನ್ನು ಒಳಗಿನಿಂದ ಬಡಿಯುತ್ತಾ ಹೋಗಿ. ಗಟ್ಟಿ ಫೈಬರ್ ಇದ್ದಲ್ಲಿ ಚುರುಕಾದ, ಬಿಗಿಯಾದ ಸಪ್ಪಳ ಬರುತ್ತದೆ. ಒಳಗೆ ಪೊಳ್ಳು ಅಥವಾ ಫೋಮ್ ಇದ್ದರೆ ಖಾಲಿ ಡಬ್ಬಿ ಬಡಿದಂತೆ ದಬದಬ ಅನ್ನುತ್ತದೆ. ಮದುವೆ ಮನೆಯಲ್ಲಿ ತೆಂಗಿನಕಾಯಿ ಬಡಿದು ಆರಿಸುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಎಲ್ಲ ಕಡೆ ಪೊಳ್ಳು ಸಪ್ಪಳವೇ ಬಂದರೆ ಮುಂದಿನ ಯಾವ ಉಪಾಯವೂ ಕೆಲಸ ಮಾಡದು.

ಲಕ್ಷಣ: ಪರದೆ ಹೊತ್ತಿಕೊಳ್ಳುವುದಿಲ್ಲ, ಅಥವಾ ಎಂಜಿನ್ ಚಾಲೂ ಮಾಡಿದ ಕೂಡಲೇ ಆರಿಹೋಗುತ್ತದೆ

ಇದು ಸೆನ್ಸರಿನ ತಕರಾರು ಅಲ್ಲ, ಕರೆಂಟಿನದು. ಮಲ್ಟಿಮೀಟರ್ ಇದ್ದರೆ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್ ಬ್ಯಾಟರಿ ಸುಮ್ಮನೆ ಇಟ್ಟಾಗ 12.6 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಹೆಚ್ಚುಕಡಿಮೆ ಖಾಲಿ.

ಬ್ಯಾಟರಿ ಸರಿ ಇದ್ದರೆ ಅದೇ ಅಳತೆಯನ್ನು ಯಂತ್ರದ ಹಿಂದಿನ ಪ್ಲಗ್ಗಿನಲ್ಲಿ ತೆಗೆದುಕೊಳ್ಳಿ. ಬ್ಯಾಟರಿಯಲ್ಲಿ 12.6 ಇದ್ದು ಪ್ಲಗ್ಗಿನಲ್ಲಿ 11 ಬಂದರೆ ನಡುವಿನ ವೈರು, ಫ್ಯೂಸು ಅಥವಾ ಕ್ಲಿಪ್ಪಿನಲ್ಲಿ ತೊಂದರೆ ಇದೆ. ನೀರಿನ ಹತ್ತಿರ ಇರುವ ಕ್ಲಿಪ್ಪುಗಳಿಗೆ ಹಸಿರು ಕಿಲುಬು ಹಿಡಿಯುವುದು ಬೇಗ. ಉಜ್ಜಿ ತೆಗೆದು ಬಿಗಿಯಾಗಿ ಕಟ್ಟಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ಸಿಗರೇಟಿನ ಬೆಳ್ಳಿಕಾಗದ ಸುತ್ತಬೇಡಿ. ಎಲ್ಲೋ ಶಾರ್ಟ್ ಆಗುತ್ತಿದೆ ಅಂತ ಅರ್ಥ. ಯಂತ್ರದ ಕೈಪಿಡಿಯಲ್ಲಿ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ಅಷ್ಟೇ ಹಾಕಿ.

ಎಂಜಿನ್ ಚಾಲೂ ಮಾಡುವಾಗ ಮಾತ್ರ ಆರಿದರೆ, ಎರಡಕ್ಕೂ ಒಂದೇ ಬ್ಯಾಟರಿ ಇರಬೇಕು ನೋಡಿ. ಸ್ಟಾರ್ಟರ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಫಿಶ್ ಫೈಂಡರ್‌ಗೆ ಬೇರೆ ಸಣ್ಣ ಬ್ಯಾಟರಿ ಇಡುವುದೇ ಒಳ್ಳೆಯದು. ಯುಪಿಎಸ್‌ಗಳಲ್ಲಿ ಬರುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಮುಚ್ಚಿದ ಬ್ಯಾಟರಿ ಸಣ್ಣ ಪರದೆಗೆ ಬೆಳಗಿನ ಕೆಲಸಕ್ಕೆ ಸಾಕಾಗುತ್ತದೆ.

ಎಚ್ಚರಿಕೆ: ದೋಣಿಯ ತಳದಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಯಾವ ವೈರನ್ನೂ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಮೊದಲು ಗಾಳಿ ಆಡಲು ಬಿಡಿ, ಸೋರಿಕೆ ಹುಡುಕಿ, ಆಮೇಲೆ ಬ್ಯಾಟರಿ ಹತ್ತಿರ ಹೋಗಿ.

ಲಕ್ಷಣ: ದೋಣಿ ದಡದ ಮೇಲಿದೆ, ಪರದೆಯಲ್ಲಿ ಮೀನು ಈಜುತ್ತಿವೆ

ಯಂತ್ರ ಡೆಮೊ ಮೋಡ್‌ನಲ್ಲಿದೆ, ಅಂದರೆ ತೋರಿಕೆಗೆ ನಕಲಿ ಚಿತ್ರ ಓಡಿಸುತ್ತಿದೆ. ಚಾಲೂ ಮಾಡುವಾಗ ಸೆನ್ಸರ್ ಸಿಗದಿದ್ದರೆ ಕೆಲವು ಯಂತ್ರಗಳು ತಾವಾಗಿಯೇ ಡೆಮೊಗೆ ಹೋಗುತ್ತವೆ. ಮೆನುವಿನಲ್ಲಿ ಸಿಮ್ಯುಲೇಟರ್ ಅಥವಾ ಡೆಮೊ ಅನ್ನುವುದನ್ನು ಆಫ್ ಮಾಡಿ. ಆಫ್ ಮಾಡಿದ ಮೇಲೆ "ಸೆನ್ಸರ್ ಇಲ್ಲ" ಅನ್ನುವ ಸೂಚನೆ ಬಂದರೆ ಪ್ಲಗ್ ಸರಿಯಾಗಿ ಕೂತಿಲ್ಲ, ಒಂದು ಪಿನ್ ಬಾಗಿದೆ, ಇಲ್ಲವೇ ಮೆನುವಿನಲ್ಲಿ ಸೆನ್ಸರಿನ ಮಾದರಿ ತಪ್ಪಾಗಿ ಆರಿಸಿದ್ದೀರಿ. ಬಿಚ್ಚಿ, ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ, ಒಣಬಟ್ಟೆಯಿಂದ ಒರೆಸಿ, ಪುನಃ ಹಾಕಿ.

ಸೆನ್ಸರ್ ಜೀವಂತ ಇದೆಯೇ ಅಂತ ತಿಳಿಯಲು ಒಂದು ಸುಲಭದ ಉಪಾಯ ಇದೆ. ಎಂಜಿನ್ ಆಫ್ ಮಾಡಿ, ಗದ್ದಲ ಇಲ್ಲದ ಜಾಗದಲ್ಲಿ ಕಿವಿಯನ್ನು ಸೆನ್ಸರಿನ ಹತ್ತಿರ ತನ್ನಿ. ಬಹಳಷ್ಟು ಮಾದರಿಗಳಲ್ಲಿ ಗಡಿಯಾರದ ಹಾಗೆ ಸಣ್ಣಗೆ ಟಿಕ್ ಟಿಕ್ ಕೇಳುತ್ತದೆ. ಕೇಳಿದರೆ ಯಂತ್ರ ಶಬ್ದ ಕಳಿಸುತ್ತಿದೆ ಅಂತ ಖಾತ್ರಿ. ಕೇಳದಿದ್ದರೆ ಕೆಟ್ಟಿದೆ ಅಂತ ಮಾತ್ರ ತೀರ್ಮಾನಿಸಬೇಡಿ, ಕೆಲವು ಮಾದರಿಗಳ ಸಪ್ಪಳ ಕಿವಿಗೆ ಸಿಗುವುದೇ ಇಲ್ಲ.

ಲಕ್ಷಣ: ಆಳದ ಅಂಕಿ ಬರುವುದೇ ಇಲ್ಲ, ಅಥವಾ ಬಂದು ಬಂದು ಹೋಗುತ್ತದೆ

ಕಾಕಾ ಅವರ ದೋಣಿಯ ಕಾಯಿಲೆ ಇದೇ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ನೀವು ಎಷ್ಟು ನೀರಿನಲ್ಲಿದ್ದೀರಿ ನೋಡಿ. ಅರ್ಧ ಮೀಟರ್ ನೀರಿನಲ್ಲಿ ಹೆಚ್ಚಿನ ಯಂತ್ರಗಳು ಆಳ ಓದಲಾರವು. ಶಬ್ದ ಕಳಿಸಿದ ಸೆನ್ಸರಿನ ನಡುಕ ನಿಲ್ಲುವ ಮೊದಲೇ ವಾಪಸ್ ಬಂದ ಶಬ್ದ ಬಂದಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಕೆರೆಗಳ ಅಂಚಿನಲ್ಲಿ ಪರೀಕ್ಷೆ ಮಾಡಿ "ಕೆಟ್ಟಿದೆ" ಅನ್ನುವವರು ಇದ್ದಾರೆ. ಒಂದಾಳಿಗಿಂತ ಜಾಸ್ತಿ ನೀರಿರುವ ಕಡೆ ಹೋಗಿ ನೋಡಿ.

ಎರಡನೆಯದು, ದೋಣಿಯ ಹೊರಮೈ. ಸೆನ್ಸರ್ ಇರುವ ಜಾಗದ ಕೆಳಗೆ ಅಂತರಗಂಗೆಯ ಬೇರು, ಪ್ಲಾಸ್ಟಿಕ್ ಚೀಲ, ದಪ್ಪ ಪಾಚಿ ಅಂಟಿಕೊಂಡಿದೆಯೇ? ಗಳದಿಂದ ಅಥವಾ ಹಗ್ಗ ಎಳೆದು ಒರೆಸಿ. ಆ ಬೇರುಗಳ ನಡುವೆ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ.

ಮೂರನೆಯದು, ಸೆನ್ಸಿಟಿವಿಟಿ, ಅಂದರೆ ಯಂತ್ರ ಎಷ್ಟು ಸಣ್ಣ ಪ್ರತಿಧ್ವನಿಯನ್ನು ಹಿಡಿಯಬೇಕು ಅನ್ನುವುದನ್ನು ಆಟೋದಲ್ಲಿ ಇಟ್ಟು, ಆಳದ ಮಿತಿಯನ್ನೂ ಆಟೋಗೆ ಹಾಕಿ. ಹಳೆಯ ಯಜಮಾನರು 100 ಮೀಟರ್ ಅಂತ ಕೈಯಲ್ಲಿ ಹಾಕಿಟ್ಟಿದ್ದರೆ 3 ಮೀಟರಿನ ತಳ ಪರದೆಯ ಮೇಲ್ತುದಿಯಲ್ಲಿ ಅಂಟಿಕೊಂಡು ಕಾಣುವುದೇ ಇಲ್ಲ.

ಇಷ್ಟಾದರೂ ಬರದಿದ್ದರೆ ಮುಖ್ಯ ಪರೀಕ್ಷೆಗೆ ಬನ್ನಿ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ: ಸೆನ್ಸರನ್ನು ನೇರವಾಗಿ ನೀರಿಗೆ ಇಳಿಬಿಟ್ಟು ನೋಡಿ, ಆಮೇಲೆ ಅದೇ ಜಾಗದಲ್ಲಿ ತಳದ ಮೂಲಕ ನೋಡಿ, ಎರಡನ್ನೂ ಹೋಲಿಸಿ. ನೇರವಾಗಿ ಇಳಿಬಿಟ್ಟಾಗಲೂ ಆಳ ಬರದಿದ್ದರೆ ತಕರಾರು ಯಂತ್ರ, ಕೇಬಲ್ ಅಥವಾ ಸೆನ್ಸರಿನದು. ನೇರವಾಗಿ ಚೆನ್ನಾಗಿ ಬಂದು ತಳದ ಮೂಲಕ ಬರದಿದ್ದರೆ ತಕರಾರು ತಳದ್ದು ಅಥವಾ ಅಂಟಿನದು. ಈ ಒಂದು ಪರೀಕ್ಷೆ ಸಮಸ್ಯೆಯನ್ನು ಎರಡು ಭಾಗ ಮಾಡಿಬಿಡುತ್ತದೆ.

ಸೆನ್ಸರ್ ಈಗಾಗಲೇ ಅಂಟಿಸಿಯಾಗಿದೆ ಅಂದರೆ? ಅದೇ ಮಾದರಿಯ ಸೆನ್ಸರ್ ಇರುವವರ ಹತ್ತಿರ ಅರ್ಧ ಗಂಟೆಗೆ ಕೇಳಿ ತನ್ನಿ. ನಿಮ್ಮ ಯಂತ್ರಕ್ಕೆ ಅದನ್ನು ಜೋಡಿಸಿ ನೀರಿಗೆ ಇಳಿಬಿಡಿ. ಅದು ಆಳ ತೋರಿಸಿದರೆ ನಿಮ್ಮ ಯಂತ್ರ ನಿರ್ದೋಷಿ.

ಆ ಬೇರೆ ಸೆನ್ಸರ್ ಕೈಯಲ್ಲಿರುವಾಗಲೇ ಚೀಲದ ಪರೀಕ್ಷೆಯನ್ನೂ ಮಾಡಿಬಿಡಿ. ಗಟ್ಟಿಯಾದ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಸೆನ್ಸರನ್ನು ಅದರಲ್ಲಿ ಮುಳುಗಿಸಿ. ಸೆನ್ಸರಿನ ಮುಖಕ್ಕೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಸವರಿ ಓಡಿಸಿ. ಚೀಲದ ಗಾಳಿ ಹೊರಗೆ ಹಾಕಿ ಬಾಯಿ ಕಟ್ಟಿ. ದೋಣಿಯ ಒಳತಳವನ್ನು ಒದ್ದೆ ಮಾಡಿ, ಒಂದು ಲೋಟ ನೀರು ನಿಲ್ಲಿಸಿ, ಚೀಲವನ್ನು ಅಲ್ಲಿ ಒತ್ತಿ ಹಿಡಿಯಿರಿ. ಸೆನ್ಸರಿನ ಮುಖ ನೇರ ಕೆಳಗೆ ನೋಡಬೇಕು. ಈಗ ಒಂದೊಂದೇ ಜಾಗಕ್ಕೆ ಸರಿಸುತ್ತಾ ಪರದೆ ನೋಡಿ. ಒಂದು ಗೇಣು ಸರಿಸಿದರೆ ಸಾಕು, ಸತ್ತಿದ್ದ ಪರದೆಯಲ್ಲಿ ತಳದ ಗೆರೆ ದಪ್ಪಗೆ ಎದ್ದು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೈಬರ್ ಹಾಕುವಾಗ ಕೆಲವು ಕಡೆ ರಾಳ ಸರಿಯಾಗಿ ನೆನೆಯದೆ ಒಣ ಉಳಿದಿರುತ್ತದೆ. ಆ ಜಾಗದಲ್ಲಿ ಮಾತ್ರ ಶಬ್ದ ದಾಟುವುದಿಲ್ಲ. ಚೆನ್ನಾಗಿ ಬಂದ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ.

ಚೀಲದಲ್ಲಿ ಆಳ ಬಂದು, ಅಂಟಿಸಿದ್ದರಲ್ಲಿ ಬರದಿದ್ದರೆ ಅಂಟು ಬಿಡಿಸಿ ಪುನಃ ಕೂರಿಸಬೇಕು. ಅದರ ಕ್ರಮ ಕೆಳಗೆ ಬರೆದಿದ್ದೇನೆ. ಚೀಲದಲ್ಲಿ ತಳದ ಯಾವ ಜಾಗದಲ್ಲೂ ಬರದಿದ್ದರೆ ನಿಮ್ಮ ದೋಣಿ ಈ ಪದ್ಧತಿಗೆ ಒಗ್ಗುವುದಿಲ್ಲ.

ಲಕ್ಷಣ: ಆಳ ಬರುತ್ತದೆ, ಆದರೆ ತಪ್ಪು

ನಮ್ಮ ನದಿ ದಂಡೆಯ ಅಂಬಿಗರು ಗಳ ಹಾಕಿ ಆಳ ಹೇಳುವವರು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದೂ ಇದೇ ತುಂಗಭದ್ರೆಯ ದಂಡೆಯ ಮೇಲೆ. ಆ ಗಳವನ್ನು ಬಿಡಬೇಡಿ. ಯಂತ್ರ ಸರಿ ಹೇಳುತ್ತಿದೆಯೇ ಅಂತ ನೋಡಲು ಅದಕ್ಕಿಂತ ನಂಬಿಕೆಯ ಸಾಧನ ಇಲ್ಲ. ಗಳ ಮುಟ್ಟದಷ್ಟು ಆಳ ಇದ್ದರೆ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಬಿಡಿ.

ಯಂತ್ರದ ಅಂಕಿ ಸರಿಯಾಗಿ ಎರಡು ಪಟ್ಟು ಬಂದರೆ ಹೆದರಬೇಡಿ. ಗಳದಲ್ಲಿ 1.5 ಮೀಟರ್, ಪರದೆಯಲ್ಲಿ 3. ತಳಕ್ಕೆ ಬಡಿದು ಬಂದ ಶಬ್ದ ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗೆ ಹೋಗಿ ಬರುತ್ತದೆ. ಯಂತ್ರ ಆ ಎರಡನೆಯ ಸುತ್ತನ್ನು ಹಿಡಿದುಕೊಂಡಿದೆ. ಕಡಿಮೆ ನೀರು, ಕಲ್ಲು ತಳ ಇದ್ದಾಗ ಹೀಗಾಗುವುದು ಹೆಚ್ಚು. ಸೆನ್ಸಿಟಿವಿಟಿ ಇಳಿಸಿ, ಆಳದ ಮಿತಿಯನ್ನು ಕೈಯಲ್ಲಿ ಆ ತಪ್ಪು ಅಂಕಿಗಿಂತ ಕಡಿಮೆಗೆ ಹಾಕಿ.

ಎಲ್ಲ ಕಡೆ ಒಂದೇ ಪ್ರಮಾಣದ ವ್ಯತ್ಯಾಸ, ಉದಾಹರಣೆಗೆ ಯಾವಾಗಲೂ 30 ಸೆಂಟಿಮೀಟರ್ ಕಡಿಮೆ ಬಂದರೆ, ಸೆನ್ಸರ್ ನೀರಿನ ಮಟ್ಟಕ್ಕಿಂತ ಅಷ್ಟು ಕೆಳಗೆ ಕೂತಿದೆ ಅಷ್ಟೇ. ಮೆನುವಿನಲ್ಲಿ ಆಫ್‌ಸೆಟ್ ಅಂತ ಇರುತ್ತದೆ, ಅಲ್ಲಿ ಸರಿಪಡಿಸಿ.

ಆಳ ಯಾವಾಗಲೂ 0.5 ಅಥವಾ 0.8ರಲ್ಲೇ ನಿಂತು, ದೋಣಿ ಎಲ್ಲಿಗೆ ಹೋದರೂ ಬದಲಾಗದಿದ್ದರೆ ಮಾತ್ರ ಅದು ಒಳ್ಳೆಯ ಲಕ್ಷಣ ಅಲ್ಲ. ಶಬ್ದ ಫೈಬರ್ ಪದರದೊಳಗೇ ಹೊಯ್ದಾಡುತ್ತಿದೆ, ನೀರಿಗೆ ಇಳಿಯುತ್ತಿಲ್ಲ. ಹಿಂದಿನ ಭಾಗದ ಚೀಲದ ಪರೀಕ್ಷೆಗೆ ಹೋಗಿ.

ಲಕ್ಷಣ: ನಿಂತಾಗ ಸರಿ, ದೋಣಿ ಓಡಿದಾಗ ಚಿತ್ರ ಹೋಗುತ್ತದೆ

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ, ಬೇರ್ಪಡಿಸುವುದು ಸುಲಭ. ದೋಣಿಯನ್ನು ಕಟ್ಟಿ ಹಾಕಿ, ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಇಟ್ಟು ವೇಗ ಏರಿಸಿ. ದೋಣಿ ಓಡದಿದ್ದರೂ ಪರದೆಯಲ್ಲಿ ಉದ್ದುದ್ದ ಗೆರೆಗಳು, ಚುಕ್ಕೆಗಳ ಮಳೆ ಬಂದರೆ ಅದು ಎಂಜಿನ್ನಿನ ವಿದ್ಯುತ್ ಗದ್ದಲ. ಸೆನ್ಸರಿನ ಕೇಬಲ್ ಎಂಜಿನ್ ವೈರುಗಳ ಜೊತೆ ಒಂದೇ ಕಟ್ಟಿನಲ್ಲಿ ಹೋಗಿರುತ್ತದೆ. ಬಿಚ್ಚಿ ದೋಣಿಯ ಇನ್ನೊಂದು ಬದಿಯಿಂದ ಎಳೆಯಿರಿ, ಫಿಶ್ ಫೈಂಡರ್‌ಗೆ ಬೇರೆ ಬ್ಯಾಟರಿ ಕೊಡಿ. ಉಳಿದ ಕೇಬಲ್ ಜಾಸ್ತಿ ಆಯಿತು ಅಂತ ಕತ್ತರಿಸಬೇಡಿ. ಅದರೊಳಗಿನ ಹೊದಿಕೆಯ ತಂತಿ ಪುನಃ ಸರಿಯಾಗಿ ಕೂಡುವುದು ಬಹಳ ಕಷ್ಟ. ಸಡಿಲವಾಗಿ ಸುತ್ತಿ ಇಡಿ.

ಕಟ್ಟಿ ಹಾಕಿದಾಗ ಪರದೆ ಶುಭ್ರ, ಓಡಿದಾಗ ಮಾತ್ರ ಕೆಡುತ್ತದೆ ಅಂದರೆ ಸೆನ್ಸರಿನ ಕೆಳಗೆ ಗುಳ್ಳೆ ಹರಿಯುತ್ತಿದೆ. ಸೆನ್ಸರ್ ತೀರಾ ಮುಂದೆ ಕೂತಿದ್ದರೆ ವೇಗದಲ್ಲಿ ಆ ಭಾಗ ನೀರಿನಿಂದ ಮೇಲೇಳುತ್ತದೆ. ತಳದ ಹೊರಗೆ ಉಬ್ಬಿದ ಪಟ್ಟಿಗಳ ಹಿಂದೆಯೂ ನೀರು ಕದಡಿ ಗುಳ್ಳೆ ಏಳುತ್ತದೆ. ಸರಿಯಾದ ಜಾಗ ಅಂದರೆ ದೋಣಿಯ ಹಿಂದಿನ ಮೂರನೆಯ ಒಂದು ಭಾಗ, ನಡುಗೆರೆಗೆ ಹತ್ತಿರ, ಪ್ರೊಪೆಲ್ಲರಿನಿಂದ ಸಾಕಷ್ಟು ಮುಂದೆ. ಹೊಸ ಜಾಗವನ್ನು ಚೀಲದ ಪರೀಕ್ಷೆಯಿಂದಲೇ ಹುಡುಕಬಹುದು. ಆದರೆ ಓಡುವ ದೋಣಿಯಲ್ಲಿ ಚೀಲ ಹಿಡಿಯಲು ಒಬ್ಬರು, ದೋಣಿ ನಡೆಸಲು ಇನ್ನೊಬ್ಬರು ಬೇಕು. ಒಬ್ಬರೇ ಮಾಡಲು ಹೋಗಬೇಡಿ. ಇಬ್ಬರೂ ಲೈಫ್ ಜಾಕೆಟ್ ಹಾಕಿರಿ.

ಲಕ್ಷಣ: ತಳ ಚೆನ್ನಾಗಿ ಕಾಣುತ್ತದೆ, ಮೀನು ಮಾತ್ರ ಕಾಣುವುದಿಲ್ಲ

ಬಹಳ ಜನ ಕೇಳುವ ಪ್ರಶ್ನೆ ಇದು. ಉತ್ತರ ಅರ್ಧ ಲೆಕ್ಕದಲ್ಲಿದೆ. 200 ಕಿಲೋಹರ್ಟ್ಜ್‌ನ ಕಿರಣ ಸಾಮಾನ್ಯವಾಗಿ 20 ಡಿಗ್ರಿ ಅಗಲ. 3 ಮೀಟರ್ ಆಳದ ಕೆರೆಯಲ್ಲಿ ಅದು ತಳದಲ್ಲಿ ನೋಡುವುದು ಸುಮಾರು 1 ಮೀಟರ್ ಅಗಲದ ವೃತ್ತ ಮಾತ್ರ. ಒಂದು ಚಕ್ಕಡಿಯ ಗಾಲಿಗಿಂತ ಚಿಕ್ಕದು. ಪಕ್ಕದಲ್ಲೇ ಕಾಟ್ಲಾ ಹಿಂಡು ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಸೆನ್ಸರಿನಲ್ಲಿ 83 ಕಿಲೋಹರ್ಟ್ಜ್ ಇದ್ದರೆ ಅದಕ್ಕೆ ಬದಲಿಸಿ. ಅದರ ಕಿರಣ 60 ಡಿಗ್ರಿಯಷ್ಟು ಅಗಲ ಇರುತ್ತದೆ, ಕಡಿಮೆ ನೀರಿಗೆ ಅದೇ ಉಪಯೋಗ.

ಉಳಿದರ್ಧ, ತಳದ ಫೈಬರ್ ಶಬ್ದದ ಬಲವನ್ನು ಹೋಗುವಾಗಲೂ ತಿನ್ನುತ್ತದೆ, ಬರುವಾಗಲೂ ತಿನ್ನುತ್ತದೆ. ದೊಡ್ಡ ತಳದ ಸದ್ದು ಉಳಿಯುತ್ತದೆ, ಸಣ್ಣ ಮೀನಿನ ಸದ್ದು ಸೋತುಹೋಗುತ್ತದೆ. ಸೆನ್ಸಿಟಿವಿಟಿಯನ್ನು ಪರದೆಯಲ್ಲಿ ಸಣ್ಣ ಚುಕ್ಕೆಗಳು ಏಳುವವರೆಗೆ ಏರಿಸಿ, ಆಮೇಲೆ ಒಂದು ಹೆಜ್ಜೆ ಇಳಿಸಿ. ಮೀನಿನ ಬೊಂಬೆ ತೋರಿಸುವ ಆಯ್ಕೆಯನ್ನು ಆಫ್ ಮಾಡಿ, ನಿಜವಾದ ಕಮಾನು ಮತ್ತು ಗೆರೆಗಳನ್ನು ಓದುವುದು ಕಲಿಯಿರಿ. ನಿಂತ ದೋಣಿಯಲ್ಲಿ ಮೀನು ಕಮಾನಾಗಿ ಕಾಣದೆ ಉದ್ದ ಗೆರೆಯಾಗಿ ಕಾಣುತ್ತದೆ, ಅದೂ ಮೀನೇ.

455 ಅಥವಾ 800 ಕಿಲೋಹರ್ಟ್ಜ್‌ನ ಫೋಟೋದಂಥ ಚಿತ್ರ ಕೊಡುವ ಸೆನ್ಸರುಗಳನ್ನು ತಳದೊಳಗೆ ಕೂರಿಸಿದ್ದರೆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅಷ್ಟು ಎತ್ತರದ ಶಬ್ದವನ್ನು ಫೈಬರ್ ನುಂಗಿಬಿಡುತ್ತದೆ. ಅವು ಹೊರಗೆ ನೀರಿನಲ್ಲೇ ಇರಬೇಕು.

ನಮ್ಮ ಭಾಗದ ಎರಡು ಸಂಗತಿಗಳನ್ನೂ ಗಮನದಲ್ಲಿಡಿ. ಧಾರವಾಡ, ಗದಗ ಸೀಮೆಯ ಕೆರೆಗಳ ತಳದಲ್ಲಿ ಎರೆಮಣ್ಣಿನ ಮೆತ್ತನೆಯ ಹೂಳು ಇರುತ್ತದೆ. ಅದು ಶಬ್ದವನ್ನು ಹೀರಿಕೊಂಡು ತಳದ ಗೆರೆಯನ್ನು ಮಂದ ಮಾಡುತ್ತದೆ. ಅದು ಸೆನ್ಸರಿನ ದೋಷ ಅಲ್ಲ. ಕಲ್ಲು ತಳದ ಕಡೆ ಹೋದ ಕೂಡಲೇ ಗೆರೆ ಹೊಳಪಾಗಿ ಬಂದರೆ ನಿಮ್ಮ ಸೆನ್ಸರ್ ಆರೋಗ್ಯವಾಗಿದೆ. ಇನ್ನು ಮಳೆಗಾಲದಲ್ಲಿ, ಹಾವೇರಿ ಕಡೆ ಗಳಗನಾಥದ ಹತ್ತಿರ ವರದಾ ತುಂಗಭದ್ರೆಗೆ ಕೂಡುವಂಥ ಜಾಗದಲ್ಲಿ, ಕೆಂಪು ಕದಡಿದ ನೀರು ಪರದೆ ತುಂಬ ಚುಕ್ಕೆ ಎಬ್ಬಿಸುತ್ತದೆ. ಆ ದಿನಗಳಲ್ಲಿ ಪರೀಕ್ಷೆಗಾಗಿ ನದಿಗೆ ಇಳಿಯಲೇಬೇಡಿ. ಮೇಲಿನಿಂದ ನೀರು ಬಿಟ್ಟರೆ ಗಂಟೆಯೊಳಗೆ ಹೊಳೆಯ ಮುಖವೇ ಬದಲಾಗುತ್ತದೆ.

ನೀರಿನ ಉಷ್ಣತೆ ತಪ್ಪು ಬಂದರೆ ಅದರ ಬೆನ್ನು ಹತ್ತಬೇಡಿ. ಒಳಗಿನ ಸೆನ್ಸರ್ ಅಳೆಯುವುದು ದೋಣಿಯ ತಳದ ಬಿಸಿಯನ್ನು, ನೀರಿನದ್ದನ್ನಲ್ಲ.

ಲಕ್ಷಣ: ಹೋದ ವರ್ಷ ಚೆನ್ನಾಗಿತ್ತು, ಈ ವರ್ಷ ಮಂದ

ಅಂಟು ಒಂದು ಅಂಚಿನಿಂದ ಎದ್ದಿರಬೇಕು. ಬಿಸಿಲಲ್ಲಿ ದಡದ ಮೇಲೆ ಕವುಚಿ ಹಾಕಿದ ದೋಣಿ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸೆನ್ಸರನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಂಚಿನ ಸುತ್ತ ಬಿಳಿ ಗೆರೆ, ಕೂದಲಿನಷ್ಟು ಬಿರುಕು ಕಂಡರೆ ಗಾಳಿ ಒಳಗೆ ಹೋಗಿದೆ. ಅಂಚಿಗೆ ಮೇಲಿನಿಂದ ಅಂಟು ಸವರಿದರೆ ಪ್ರಯೋಜನ ಇಲ್ಲ, ಒಳಗಿನ ಗಾಳಿ ಹಾಗೇ ಉಳಿಯುತ್ತದೆ.

ಸೆನ್ಸರನ್ನು ಅಂಟಿಸದೆ ಎಣ್ಣೆಯ ಬಟ್ಟಲಿನಲ್ಲಿ ಕೂರಿಸಿದವರಾದರೆ (ಆ ಕ್ರಮ ಮುಂದಿನ ಭಾಗದ ಕೊನೆಯಲ್ಲಿದೆ) ಮಟ್ಟ ನೋಡಿ, ಎಣ್ಣೆ ಇಳಿದಿರುತ್ತದೆ. ತುಂಬಿಸಿದರೆ ಸರಿಹೋಗುತ್ತದೆ.

ಬಿಡಿಸಿ ಪುನಃ ಕೂರಿಸುವುದು

ದೋಣಿ ನೀರಿನಲ್ಲಿದ್ದಾಗ ಈ ಕೆಲಸ ಬೇಡ. ದಡಕ್ಕೆ ತನ್ನಿ, ನೆರಳಿಗೆ ತನ್ನಿ. ಸೆನ್ಸರಿನ ಪಕ್ಕಕ್ಕೆ ಮರದ ತುಂಡು ಇಟ್ಟು ಸಣ್ಣ ಸುತ್ತಿಗೆಯಿಂದ ಪಕ್ಕದಿಂದ ಮೆಲ್ಲಗೆ ಬಡಿಯಿರಿ. ಉಳಿ ಹಾಕಿ ಮೇಲಕ್ಕೆ ಎತ್ತಬೇಡಿ, ಫೈಬರ್ ಸೀಳುತ್ತದೆ. ಹತ್ತು ಹದಿನೈದು ಏಟಿಗೂ ಅಲ್ಲಾಡದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಹಾಗೇ ಬಿಟ್ಟು ಹೊಸ ಸೆನ್ಸರನ್ನು ಬೇರೆ ಜಾಗದಲ್ಲಿ ಹಾಕುವುದು ತಳ ಒಡೆದುಕೊಳ್ಳುವುದಕ್ಕಿಂತ ಅಗ್ಗ.

ಹಳೆಯ ಅಂಟನ್ನು 80 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆಯಿರಿ. ಮಾಸ್ಕ್, ಕನ್ನಡಕ, ತೋಳು ತುಂಬಿದ ಅಂಗಿ ಬೇಕೇ ಬೇಕು. ಗಾಜಿನ ನಾರಿನ ಪುಡಿ ಚರ್ಮಕ್ಕೆ ಹತ್ತಿದರೆ ಎರಡು ದಿನ ತುರಿಕೆ, ಪುಪ್ಪುಸಕ್ಕೆ ಹೋದರೆ ಅದಕ್ಕಿಂತ ಕೆಟ್ಟದ್ದು. ದೋಣಿಯ ತಳವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಸೆನ್ಸರಿನ ಮುಖಕ್ಕೆ ಥಿನ್ನರ್, ಪೆಟ್ರೋಲ್ ಹಚ್ಚಬೇಡಿ. ಸೋಪಿನ ನೀರು ಸಾಕು.

ಅಂಟು ಯಾವುದು ಅನ್ನುವುದರಲ್ಲಿ ರಾಜಿ ಬೇಡ. ಎರಡು ಟ್ಯೂಬಿನ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತೆಗೆದುಕೊಳ್ಳಿ. ಐದು ನಿಮಿಷದ್ದು ಬೇಡ, ಗುಳ್ಳೆ ಮೇಲೆ ಬರುವ ಮೊದಲೇ ಅದು ಬಿಗಿಯುತ್ತದೆ. ಸಿಲಿಕೋನ್ ಬೇಡ, ಅದು ರಬ್ಬರಿನ ಹಾಗೆ ಶಬ್ದ ನುಂಗುತ್ತದೆ. ಕಣಕದ ಹಾಗೆ ನಾದಿ ಹಚ್ಚುವ ಪುಟ್ಟಿಯೂ ಬೇಡ, ನಾದುವಾಗಲೇ ಅದರಲ್ಲಿ ಗಾಳಿ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಸಂಜೆ ಮಾಡಿ. ಮಧ್ಯಾಹ್ನದ ಬಿಸಿಗೆ ನಿಧಾನದ ಅಂಟೂ ಅವಸರ ಮಾಡುತ್ತದೆ.

ಎರಡನ್ನೂ ಅಗಲ ತಟ್ಟೆಯ ಮೇಲೆ ಹಾಕಿ, ಕಡ್ಡಿಯನ್ನು ಎತ್ತದೆ ನಿಧಾನವಾಗಿ ಕಲಸಿ. ಮೊಸರು ಕಡೆದಂತೆ ಕಡೆಯಬೇಡಿ. ಲೋಟದಲ್ಲಿ ಜಾಸ್ತಿ ಕಲಸಿ ಇಡಬೇಡಿ, ರಾಶಿಯಾಗಿದ್ದರೆ ತನ್ನಷ್ಟಕ್ಕೇ ಕಾದು ಹೊಗೆಯಾಡುವಷ್ಟು ಬಿಸಿಯಾಗುತ್ತದೆ. ಕೈಗವಸು ಹಾಕಿರಿ. ಗುರುತು ಹಾಕಿದ ಜಾಗದಲ್ಲಿ ಸುರಿದು, ಹತ್ತು ನಿಮಿಷ ಬಿಟ್ಟು ನೋಡಿ. ಅಂಟಿನೊಳಗೆ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಉಳಿದವನ್ನು ಸೂಜಿಯಿಂದ ಚುಚ್ಚಿ. ಸೆನ್ಸರಿನ ಮುಖಕ್ಕೂ ತೆಳ್ಳಗೆ ಸವರಿ. ಆಮೇಲೆ ಒಂದು ಅಂಚನ್ನು ಮೊದಲು ತಾಗಿಸಿ, ಓರೆಯಾಗಿ ಇಳಿಸಿ, ಒತ್ತಿ ಸ್ವಲ್ಪ ತಿರುವಿ. ಸುತ್ತಲೂ ಅಂಟು ಒಂದೇ ಸಮ ಹೊರಗೆ ಬರಬೇಕು. ಮೇಲೆ ಅರ್ಧ ಕಿಲೋ ತೂಕ ಇಟ್ಟು 24 ಗಂಟೆ ಮುಟ್ಟಬೇಡಿ.

ಅಂಟಿಸಿ ಸಿಕ್ಕಿಹಾಕಿಕೊಳ್ಳಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ದಪ್ಪ ಪಿವಿಸಿ ಪೈಪಿನ ಒಂದು ಬಳೆ ಕತ್ತರಿಸಿ ತಳಕ್ಕೆ ಅಂಟಿಸಿ, ಬಟ್ಟಲಿನ ಹಾಗೆ. ಸೆನ್ಸರನ್ನು ಒಳಗೆ ಕೂರಿಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಅದರ ಮುಖ ಮುಳುಗುವಷ್ಟು ಹಾಕಿ, ಮುಚ್ಚಳ ಬಿಗಿಯಿರಿ. ಬೇಕೆಂದಾಗ ತೆಗೆಯಬಹುದು, ಜಾಗ ಬದಲಿಸಬಹುದು.

ಎಲ್ಲಿ ನಿಲ್ಲಿಸಿ ತಿಳಿದವರನ್ನು ಕರೆಯಬೇಕು

ತಳದಲ್ಲಿ ಬಿರುಕು ಕಂಡರೆ, ನೀರು ಜಿನುಗಿದರೆ ಕೂಡಲೇ ನಿಲ್ಲಿಸಿ, ಫೈಬರ್ ಕೆಲಸದವರಿಗೆ ತೋರಿಸಿ. ಕೇಬಲ್ ಕತ್ತರಿಸಿಹೋಗಿದ್ದರೆ, ಬೇರೆ ಒಳ್ಳೆಯ ಸೆನ್ಸರ್ ಹಾಕಿದರೂ ಯಂತ್ರ ಓದದಿದ್ದರೆ, ಯಂತ್ರದೊಳಗೆ ನೀರಿನ ಆವಿ ಕಂಡರೆ ಮಾರಿದವರ ಸರ್ವಿಸ್‌ಗೆ ಕೊಡಿ. ವಾರಂಟಿ ಇದ್ದಾಗ ಬಿಚ್ಚಬೇಡಿ. ಕೊಡುವಾಗ ಮೂರು ಮಾತು ಹೇಳಿ: ನೇರವಾಗಿ ಇಳಿಬಿಟ್ಟಾಗ ಎಷ್ಟು ಆಳ ತೋರಿಸಿತು, ತಳದ ಮೂಲಕ ಎಷ್ಟು ತೋರಿಸಿತು, ಗಳ ಎಷ್ಟು ಹೇಳಿತು. ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ಕಾಕಾ ಅವರ ಸೆನ್ಸರನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕೂರಿಸಿದೆವು. ಮರುದಿನ ಸಂಜೆ ದೋಣಿ ಇಳಿಸಿದಾಗ ಪರದೆ 3.3 ಮೀಟರ್ ಅಂದಿತು. ಕಾಕಾ ಮಾತಾಡದೆ ಗಳ ಇಳಿಸಿದರು, ಮೇಲೆತ್ತಿ ಒದ್ದೆಯಾದ ಗುರುತನ್ನು ಬೆರಳಲ್ಲಿ ಹಿಡಿದು ನೋಡಿದರು. "ಬರೋಬ್ಬರಿ ಐತಿ" ಅಂದರು. ಆ ಅಂಕಿಯನ್ನೂ ತಾರೀಖನ್ನೂ ಸೆನ್ಸರಿನ ಕೇಬಲ್ಲಿಗೆ ಒಂದು ಚೀಟಿ ಕಟ್ಟಿ ಬರೆದಿಟ್ಟಿದ್ದೇವೆ. ಮುಂದಿನ ವರ್ಷ ಮಂದವಾದರೆ ಹೋಲಿಸಲು ಬೇಕಾಗುತ್ತದೆ.